ಆರ್ನೆಲ್‌ನ ವೀಸಾ ಮತ್ತು ನನ್ನ ಗಂಟಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರಿಗೂ ಅನುಮಾನ ಬೇಡ: ಆರ್ನೆಲ್‌ನ ವೀಸಾ ಕೆಟ್ಟದ್ದು ನನ್ನ ಗಂಟಲಿನಿಂದ. ಕಂಪ್ಯೂಟರು ಕೈಕೊಡಲಿಲ್ಲ, ಇಂಟರ್ನೆಟ್ಟು ನಿಲ್ಲಲಿಲ್ಲ, ಅವನ ಹಣೆಬರಹವನ್ನು ದೂರುವ ಹಾಗೂ ಇಲ್ಲ. ಕೆಲವರಿಗೆ ಕೈ ಸುಮ್ಮನಿರುವುದಿಲ್ಲ, ಕಂಡ ಗಡಿಯಾರವನ್ನೆಲ್ಲ ಬಿಚ್ಚಿ ನೋಡುತ್ತಾರೆ. ನನಗೆ ಗಂಟಲು ಸುಮ್ಮನಿರುವುದಿಲ್ಲ. ಯಾರ ಮಾತು ಕಿವಿಗೆ ಬಿದ್ದರೂ ಅದು ಒಳಗೆ ಒಂದು ಸುತ್ತು ಹಾಕಿ ನನ್ನ ಬಾಯಿಂದ ಹೊರಗೆ ಬರುತ್ತದೆ. ಮೈಸೂರಿನ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ದನಿಯಲ್ಲಿ ಮಧ್ಯಾಹ್ನದ ಮೇಲೆ ರಜೆ ಘೋಷಿಸಿದಾಗ ನಾಲ್ಕು ಕ್ಲಾಸು ಖಾಲಿಯಾಗಿದ್ದವು. ಹೆಡ್‌ಮಾಸ್ಟರು ನನ್ನನ್ನು ಕರೆಸಿ ಬೈದದ್ದೇನೋ ಬೈದರು, ಆದರೆ ಬೈಯುತ್ತಲೇ ಒಂದು ಸಲ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡು ನಿಲ್ಲಿಸಿದ್ದನ್ನು ನಾನು ಕಂಡೆ. ಅವತ್ತಿನಿಂದ ನನಗೆ ಇದೊಂದು ವಿದ್ಯೆ ಅನ್ನಿಸಿಬಿಟ್ಟಿತು. ವಿದ್ಯೆ ಅಂದುಕೊಂಡ ರೋಗಕ್ಕೆ ಔಷಧಿ ಯಾರು ಕುಡಿಯುತ್ತಾರೆ?

ಆಗ ನಾನು ಲಂಡನ್ನಿನ ಟೂಟಿಂಗ್‌ನಲ್ಲಿ ಧಾರವಾಡದ ಡಾಕ್ಟರ್ ಕುಲಕರ್ಣಿಯವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಡಾಕ್ಟರು ಮತ್ತು ಅವರ ಹೆಂಡತಿ, ನಾವೆಲ್ಲ ಅವರ ಕಡೆಯ ಹಾಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದವರು. ಮೇಲೆ ಎರಡು ರೂಮು, ಒಂದರಲ್ಲಿ ನಾನು, ಇನ್ನೊಂದರಲ್ಲಿ ಆರ್ನೆಲ್. ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುವುದು. ಆರ್ನೆಲ್ ಅದೇ ಆಸ್ಪತ್ರೆಯಲ್ಲಿ ನರ್ಸು, ಫಿಲಿಪ್ಪೀನ್ಸಿನವನು. ಅವನದು ಕಾಲಿನ ವಾರ್ಡು. ಸಕ್ಕರೆ ಕಾಯಿಲೆಯಿಂದ ಕಪ್ಪಾದ ಬೆರಳು, ಕೊಳೆತ ಹಿಮ್ಮಡಿ ಇವುಗಳಿಗೆ ದಿನವಿಡೀ ಡ್ರೆಸ್ಸಿಂಗ್ ಮಾಡಿ, ಮನೆಗೆ ಬಂದು ಕೈ ತೊಳೆದು, ಅನ್ನಕ್ಕೆ ಮೀನು ಹುರಿದುಕೊಂಡು ತಿನ್ನುತ್ತಿದ್ದ. ಮೀನಿನ ವಾಸನೆ ಕೆಳಗಿಳಿಯುತ್ತಲೇ ವೈನಿ ಊದುಬತ್ತಿ ಹಚ್ಚುತ್ತಿದ್ದರು, ಅವನು ಕಿಟಕಿ ತೆಗೆಯುತ್ತಿದ್ದ. ಇಬ್ಬರೂ ಈ ವಿಷಯ ಒಮ್ಮೆಯೂ ಮಾತಾಡಿದವರಲ್ಲ. ಮಹಡಿಯ ಮೆಟ್ಟಿಲ ಬಳಿ ಅವನದೊಂದು ದೊಡ್ಡ ರಟ್ಟಿನ ಪೆಟ್ಟಿಗೆ ಯಾವಾಗಲೂ ಬಾಯ್ದೆರೆದು ನಿಂತಿರುತ್ತಿತ್ತು. ಅವರ ದೇಶದವರೆಲ್ಲ ಹಾಗೆ ಮಾಡುತ್ತಾರಂತೆ. ಸೋಪು, ಚಾಕೊಲೇಟು, ಡಬ್ಬಿ ಮಾಂಸ, ಟವಲ್ಲು, ಅಗ್ಗಕ್ಕೆ ಸಿಕ್ಕಿದ್ದನ್ನೆಲ್ಲ ತುಂಬುತ್ತ ಹೋಗಿ, ತುಂಬಿದ ದಿನ ಊರಿಗೆ ಹೋಗುವ ಹಡಗಿಗೆ ಹಾಕುವುದು. ಅದರ ತಳದಲ್ಲಿ ಅವನ ಅಮ್ಮನಿಗೆಂದು ತಂದ ಒಂದು ಜೊತೆ ಮೆತ್ತನೆಯ ಶೂ ಇದ್ದವು.

ಆರ್ನೆಲ್‌ನ ದನಿ ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿತ್ತು. ವಾಕ್ಯದ ಕೊನೆಯನ್ನು ಮೆಲ್ಲಗೆ ಮೇಲಕ್ಕೆತ್ತುವುದು, ಎರಡು ಮಾತಿಗೊಮ್ಮೆ ‘ಸರ್’ ಅನ್ನುವುದು, ಗೆಳೆಯರನ್ನು ‘ಪಾರೆ’ ಎಂದು ಕರೆಯುವುದು, ಕೆಟ್ಟ ಸುದ್ದಿಗೂ ಮೊದಲು ಸಣ್ಣಗೆ ನಗುವುದು. ರೇನರ್ಸ್ ಲೇನ್‌ನ ಕನ್ನಡದವರ ಮನೆಗಳಲ್ಲಿ ಭಾನುವಾರ ಬಿಸಿಬೇಳೆಬಾತು ಮುಗಿಯುತ್ತಲೇ ‘ಎಲ್ಲಿ, ನಿನ್ನ ಫಿಲಿಪಿನೋ ಮಾಡು’ ಅನ್ನುತ್ತಿದ್ದರು. ಅವರು ಕೇಳಿದ್ದೇ ತಡ, ನಾನು ಶುರು ಮಾಡುತ್ತಿದ್ದೆ. ಒಂದು ಸಲ ಆರ್ನೆಲ್‌ನನ್ನೂ ಕರೆದುಕೊಂಡು ಹೋಗಿ ಅವನೆದುರಿಗೇ ಮಾಡಿದೆ. ಎಲ್ಲರಿಗಿಂತ ಜಾಸ್ತಿ ಅವನೇ ನಕ್ಕ. ಕೆಟ್ಟ ಸುದ್ದಿಗೂ ಅವನು ಮೊದಲು ನಗುತ್ತಾನೆಂದು ಈಗಷ್ಟೇ ಹೇಳಿದೆನಲ್ಲ, ಅದು ಆಗ ನನಗೆ ನೆನಪಾಗಲಿಲ್ಲ.

ಅವನ ಅಮ್ಮ ಇದ್ದದ್ದು ಫಿಲಿಪ್ಪೀನ್ಸಿನಲ್ಲಲ್ಲ, ಕೊಲ್ಲಿಯ ಒಂದು ದೇಶದಲ್ಲಿ, ಒಂದು ಶ್ರೀಮಂತರ ಮನೆಯ ಕೆಲಸದಾಕೆಯಾಗಿ. ಆ ಮನೆಯ ಮಕ್ಕಳನ್ನು ಎತ್ತಿ ಆಡಿಸಿದ್ದು ಆಕೆ, ಆರ್ನೆಲ್‌ನನ್ನು ಎತ್ತಿ ಆಡಿಸಿದ್ದು ಅಜ್ಜಿ. ಆಕೆಗೆ ರಜೆ ಸಿಕ್ಕ ವರ್ಷ ಇವನಿಗೆ ಸಿಗುತ್ತಿರಲಿಲ್ಲ, ಇವನು ಊರಿಗೆ ಹೋದ ವರ್ಷ ಆಕೆಯ ಯಜಮಾನಿ ಬಿಡುತ್ತಿರಲಿಲ್ಲ. ಹೀಗೆ ತಾಯಿ ಮಗ ವರ್ಷಾನುಗಟ್ಟಲೆ ಮುಖ ನೋಡಿರಲಿಲ್ಲ. ಒಂದು ದಿನ ಆಕೆ ಫೋನಿನಲ್ಲಿ, ಕಾಲಿನಲ್ಲಿ ಸಣ್ಣದೊಂದು ಗಾಯ, ಡಾಕ್ಟರು ಸ್ವಲ್ಪ ಕತ್ತರಿಸುತ್ತಾರಂತೆ, ಏನೂ ಇಲ್ಲ ಬಿಡು ಅಂದಳಂತೆ. ಇವನು ಕೇಳಿದ್ದು ಎರಡೇ ಪ್ರಶ್ನೆ. ಬಣ್ಣ ಯಾವುದು, ವಾಸನೆ ಇದೆಯಾ. ಉತ್ತರ ಕೇಳಿ ಫೋನಿಟ್ಟು ಬಂದು ನನ್ನ ರೂಮಿನ ಬಾಗಿಲಲ್ಲಿ ನಿಂತು ನಕ್ಕ. ಪಾದ ಪೂರ್ತಿ ಹೋಗುತ್ತದೆ ಪಾರೆ, ಅಂದ. ಅದಕ್ಕೆ ಮುಂಚೆ ಅಲ್ಲಿರಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅವಳು ಕಣ್ಣು ಬಿಟ್ಟಾಗ ಹೊದಿಕೆ ಎತ್ತಿ ತೋರಿಸುವವನು ತಾನಾಗಿರಬೇಕು, ಅದನ್ನು ಗುರುತಿಲ್ಲದವರು ಮಾಡಬಾರದು. ಅವನ ವಾರ್ಡಿನಲ್ಲಿ ಅದು ಅವನದೇ ಕೆಲಸವಾಗಿತ್ತು.

ವಾರ್ಡಿನ ಮೇಡಂ ರಜೆಯನ್ನೇನೋ ಕೊಟ್ಟರು. ಉಳಿದದ್ದು ವೀಸಾ. ಅದೇ ವಾರ್ಡಿನ ಬಿಳಿಯ ನರ್ಸೊಬ್ಬಳು ಹಿಂದಿನ ತಿಂಗಳು ಅವನ ಅಮ್ಮ ಇದ್ದ ಊರಿಗೇ ಶಾಪಿಂಗಿಗೆಂದು ಹೋಗಿ ಬಂದಿದ್ದಳು. ಏರ್‌ಪೋರ್ಟಿನಲ್ಲಿ ಮುಗುಳ್ನಕ್ಕು ಠಸ್ಸೆ ಒತ್ತಿಕೊಟ್ಟರಂತೆ. ಆರ್ನೆಲ್‌ನ ಪಾಸ್‌ಪೋರ್ಟಿಗೂ ನನ್ನದಕ್ಕೂ ಆ ಮುಗುಳ್ನಗೆ ಇಲ್ಲ. ಆಗಷ್ಟೇ ಆನ್‌ಲೈನ್ ಅರ್ಜಿ ಶುರುವಾಗಿತ್ತು. ಮನೆಯಲ್ಲಿ ಕಂಪ್ಯೂಟರು ಇದ್ದವನು ನಾನೊಬ್ಬನೇ, ಸಾಲದ್ದಕ್ಕೆ ವೀಸಾ ವಿಷಯದಲ್ಲಿ ನಾನು ಪಂಡಿತನೆಂದು ನಾನೇ ಹಬ್ಬಿಸಿದ್ದೆ. ಕೂತೆವು. ಆಸ್ಪತ್ರೆಗೆ ಹೋಗುತ್ತೇನೆಂದು ಬರೆದರೆ ಅಮ್ಮನ ಯಜಮಾನಿಯ ಪತ್ರ ಬೇಕು, ಆಕೆ ಕೊಡುವವಳಲ್ಲ. ಹಾಗಾಗಿ ಪ್ರವಾಸಿ ವೀಸಾ. ಪ್ರವಾಸಿ ಅಂದಮೇಲೆ ನೋಡುವ ಸ್ಥಳಗಳನ್ನು ಹೇಳಬೇಕು. ಆರ್ನೆಲ್ ಕೈಕಟ್ಟಿ ಕೂತಿದ್ದ, ನಾನು ಉತ್ಸಾಹದಿಂದ ಮರುಭೂಮಿ, ಚಿನ್ನದ ಮಾರುಕಟ್ಟೆ, ಒಂಟೆ ಸವಾರಿ ಎಂದು ಟೈಪು ಮಾಡುತ್ತಿದ್ದೆ. ತನಗೆ ಒಂಟೆಯೆಂದರೆ ಭಯ, ಅದೊಂದನ್ನು ತೆಗೆದುಬಿಡು ಎಂದು ಬೇಡಿಕೊಂಡ. ತೆಗೆಯುವಷ್ಟರಲ್ಲಿ ಸಮಯ ಮೀರಿತೆಂದು ಆ ಪುಟ ನಮ್ಮನ್ನು ಹೊರಗೆ ಹಾಕಿತು. ಮತ್ತೆ ಮೊದಲಿನಿಂದ. ತಾಯಿಯ ಹೆಸರು ಕೇಳುವ ಜಾಗ ಬಂದಾಗಲೆಲ್ಲ ಅವನು ಕೀಲಿಮಣೆಯನ್ನು ನನ್ನ ಕೈಯಿಂದ ತನ್ನ ಕಡೆ ಎಳೆದುಕೊಂಡು ತಾನೇ ಬರೆಯುತ್ತಿದ್ದ.

ಫೋಟೋಗೆ ಹಿಂದೆ ಬಿಳಿ ಬೇಕಿತ್ತು. ವೈನಿ ಡಾಕ್ಟರ ಮಡಿ ಪಂಚೆಯೊಂದನ್ನು ಹಿಡಿದು ನಿಂತರು. ನಾನು ಕ್ಯಾಮೆರಾ ಹಿಡಿದು ವೈನಿಯದೇ ದನಿಯಲ್ಲಿ ‘ಸ್ವಲ್ಪ ನಗಪಾ’ ಅಂದಾಗ ಅವರು ಪಂಚೆಯ ಹಿಂದಿನಿಂದಲೇ ಹೇಳಿದರು:

“ನೋಡೋ ತಮ್ಮಾ, ಆ ಹುಡುಗ ತಾಯಿ ಕಾಲು ನೋಡ್ಲಿಕ್ಕೆ ಹೊಂಟಾನ. ಇವತ್ತರೆ ನಿನ್ನ ದನಿ ಒಳಗ ಮಾತಾಡು.”

ಅರ್ಜಿಯ ಕೊನೆಯಲ್ಲಿ ಒಂದು ಸಾಲಿತ್ತು, ಅರ್ಜಿದಾರರನ್ನು ಫೋನಿನಲ್ಲಿ ವಿಚಾರಿಸಬಹುದು ಎಂದು. ವಾರ್ಡಿನಲ್ಲಿ ಮೊಬೈಲು ಲಾಕರಿನಲ್ಲಿಡಬೇಕಾದ್ದರಿಂದ ಮನೆಯ ನಂಬರು ಕೊಟ್ಟೆವು. ಆ ವಾರ ನನಗೆ ರಜೆ. ಫೋನು ಬಂದರೆ ಆರ್ನೆಲ್ ಕೆಲಸದಲ್ಲಿದ್ದಾನೆಂದು ಹೇಳು, ಅವರ ನಂಬರು ಬರೆದುಕೋ, ಬ್ರೇಕಿನಲ್ಲಿ ನಾನೇ ಮಾಡುತ್ತೇನೆ, ಅಷ್ಟೇ, ಅಂದ. ಬಾಗಿಲ ತನಕ ಹೋಗಿ ತಿರುಗಿ ಬಂದು ಇನ್ನೊಮ್ಮೆ ‘ಅಷ್ಟೇ’ ಅಂದ. ನನ್ನನ್ನು ಬಲ್ಲವನು.

ಫೋನು ಬಂತು. ಹೆಣ್ಣು ದನಿ, ಅಚ್ಚುಕಟ್ಟಾದ ಇಂಗ್ಲಿಷು. ಆರ್ನೆಲ್ ಇದ್ದಾರಾ ಅಂದಳು. ಅಷ್ಟೇ ಅಂದವನ ಮುಖ ನನ್ನ ಕಣ್ಣೆದುರಿಗೆ ಬರಬೇಕಿತ್ತು. ಬಂದದ್ದು ರೇನರ್ಸ್ ಲೇನ್‌ನ ಚಪ್ಪಾಳೆ. ಇವರನ್ನು ಈಗ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತಾರೋ, ದಿನಗಳು ಹೋಗುತ್ತವೆ, ಕಾಲು ಕಾಯುವುದಿಲ್ಲ ಎಂದು ನನಗೆ ನಾನೇ ಸಮರ್ಥನೆ ಕೊಟ್ಟುಕೊಂಡು ವಾಕ್ಯದ ಕೊನೆಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಸಣ್ಣಗೆ ನಕ್ಕು, ಹೌದು ಮೇಡಂ, ನಾನೇ ಆರ್ನೆಲ್ ಅಂದೆ. ಹುಟ್ಟಿದ ತಾರೀಕು ಹೇಳಿದೆ. ಪಾಸ್‌ಪೋರ್ಟ್ ನಂಬರು ಹೇಳಿದೆ. ಚಿನ್ನದ ಮಾರುಕಟ್ಟೆಯ ಬಗ್ಗೆ ಎರಡು ಒಳ್ಳೆಯ ಮಾತಾಡಿದೆ. ನಿಜ ಹೇಳಬೇಕೆಂದರೆ ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಅದೇ ಮುಳುವಾಯಿತು. ಅವಳ ದನಿ ಒಮ್ಮೆಗೇ ಬೆಚ್ಚಗಾಯಿತು. ಆ ಗಲ್ಫ್ ಕಚೇರಿಯಲ್ಲಿ ಫೋನು ಮಾಡುವ ಕೆಲಸಕ್ಕೆ ಕೂರಿಸಿದ್ದದ್ದು ಫಿಲಿಪ್ಪೀನ್ಸಿನ ಹುಡುಗಿಯನ್ನು. ಇಷ್ಟು ಹೊತ್ತು ಆಕೆಯೂ ಕಚೇರಿಯ ದನಿ ಹಾಕಿಕೊಂಡಿದ್ದಳು. ತನ್ನೂರಿನ ರಾಗ ಕೇಳಿದ್ದೇ ಅದನ್ನು ಕಳಚಿಟ್ಟು, ‘ಕಬಾಯನ್’ ಎಂದು ಕರೆದು, ತಮ್ಮ ಭಾಷೆಯಲ್ಲಿ ಏನೋ ಕೇಳಿದಳು.

ಕೇಳಿದ್ದು ‘ನಮ್ಮವನೇ ನೀನು, ಯಾವ ಊರಾಯಿತು’ ಎಂದು. ಅದು ಆಮೇಲೆ ಗೊತ್ತಾಯಿತು. ಆಗ ನಾನು ‘ಹೌದು’ ಅಂದೆ, ಅವರ ಭಾಷೆಯಲ್ಲೇ. ಇನ್ನೊಂದು ಕೇಳಿದಳು. ‘ಧನ್ಯವಾದ’ ಅಂದೆ. ಆ ಕಡೆ ಮೌನ. ಮೌನ ನನ್ನ ಪರಮ ಶತ್ರು. ನನಗೆ ಅವರ ಭಾಷೆಯಲ್ಲಿ ಪೂರ್ತಿಯಾಗಿ ಬರುತ್ತಿದ್ದ ವಾಕ್ಯ ಒಂದೇ ಒಂದು, ಆರ್ನೆಲ್ ಅಮ್ಮನಿಗೆ ಫೋನು ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು. ಅದನ್ನು ಅವನದೇ ಪ್ರೀತಿಯೊಂದಿಗೆ ವೀಸಾ ಕಚೇರಿಯವಳಿಗೆ ಕೇಳಿದೆ: ಊಟ ಆಯ್ತಾ?

ಅವಳು ಮತ್ತೆ ಇಂಗ್ಲಿಷಿಗೆ ಹೋದಳು. “ಸರ್, ಈಗ ಮಾತಾಡುತ್ತಿರುವುದು ಯಾರು?”

ಆಗಲಾದರೂ ನಿಜ ಹೇಳಬಹುದಿತ್ತು. ನಾನು ಅವನ ಗೆಳೆಯ, ಮಂಗ, ಅವನು ವಾರ್ಡಿನಲ್ಲಿದ್ದಾನೆ, ಅಮ್ಮನ ಕಾಲು ಹೋಗುತ್ತಿದೆ, ಒಂಟೆ ಸುಳ್ಳು ಎಂದು ಹೇಳಿದ್ದರೆ ಆ ಹುಡುಗಿ ಏನಾದರೂ ಮಾಡುತ್ತಿದ್ದಳೇನೋ. ಅವಳ ಅಮ್ಮನೂ ಎಲ್ಲೋ ದೂರದಲ್ಲಿದ್ದಿರಬೇಕು. ಆದರೆ ಹಾಗೆ ಹೇಳಲು ಬೇಕಾದ ದನಿಯೊಂದು ನನ್ನ ಹತ್ತಿರ ತಯಾರಿರಲಿಲ್ಲ. ಫೋನು ಇಟ್ಟುಬಿಟ್ಟೆ.

ಸಂಜೆ ಅವನು ಬಂದೊಡನೆ ಹೇಳಿದೆ. ಅವನು ಕೋಟು ಬಿಚ್ಚದೆ ಆ ಕಚೇರಿಗೆ ಫೋನು ಹಚ್ಚಿದ. ತಾನೇ ನಿಜವಾದ ಆರ್ನೆಲ್ ಎಂದು ಅವನು ವಿವರಿಸುವುದನ್ನು ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ನನಗಿಂತ ಕೆಟ್ಟದಾಗಿ ಮಾಡಿದ. ಮಾತು ತಡವರಿಸುತ್ತಿತ್ತು, ಒಮ್ಮೆಯೂ ನಗಲಿಲ್ಲ. ಬೇರೊಬ್ಬರು ಮಾತಾಡಿದರಂತೆ, ಕಡತ ಮೇಲಕ್ಕೆ ಹೋಗಿದೆ ಅಂದರಂತೆ. ಎರಡು ದಿನಕ್ಕೆ ಇಮೇಲ್ ಬಂತು. ಅರ್ಜಿದಾರರ ಗುರುತು ಖಚಿತವಾಗದ ಕಾರಣ ತಿರಸ್ಕರಿಸಲಾಗಿದೆ, ಕೆಲವು ತಿಂಗಳ ನಂತರ ಮತ್ತೆ ಪ್ರಯತ್ನಿಸಬಹುದು. ತಿಂಗಳುಗಳನ್ನು ಲೆಕ್ಕ ಹಾಕುವಂಥ ಕಾಲಲ್ಲ ಅದು.

ತೆಗೆದ ರಜೆಯನ್ನು ಅವನು ಟೂಟಿಂಗ್‌ನ ಮಹಡಿಯಲ್ಲೇ ಕಳೆದ, ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು. ವೈನಿ ಎರಡು ಹೊತ್ತೂ ಅನ್ನ ಸಾರು ಮೇಲೆ ಕಳಿಸಿದರು, ನನ್ನ ಕೈಲಿ ಅಲ್ಲ, ಡಾಕ್ಟರ ಕೈಲಿ. ಕಾಲು ತೆಗೆದರು. ಅಮ್ಮ ಕಣ್ಣು ಬಿಟ್ಟಾಗ ಹೊದಿಕೆ ಎತ್ತಿದವರು ಯಾರೋ ಗೊತ್ತಿಲ್ಲ. ಎರಡು ವಾರಕ್ಕೆ ಯಜಮಾನಿ ಆಕೆಯನ್ನು ವಿಮಾನ ಹತ್ತಿಸಿ ಊರಿಗೆ ಕಳಿಸಿದಳು. ಒಂಟಿ ಕಾಲಿನ ಕೆಲಸದಾಕೆ ಆ ಮನೆಗೆ ಬೇಡವಾಗಿತ್ತು. ಈಗ ಊರಿಗೆ ಹೋಗಲು ಆರ್ನೆಲ್‌ಗೆ ಯಾರ ವೀಸಾವೂ ಬೇಕಿರಲಿಲ್ಲ, ರಜೆ ಮಾತ್ರ ಮುಗಿದಿತ್ತು.

ಇಷ್ಟು ದಿನ ನಾನು ಮನೆಯಲ್ಲಿ ಯಾರ ದನಿಯನ್ನೂ ಮಾಡಿರಲಿಲ್ಲ. ಹಾಗೆ ನೋಡಿದರೆ ಮಾತೇ ಆಡಿರಲಿಲ್ಲ. ಒಂದು ಭಾನುವಾರ ಅವನು ಮೆಟ್ಟಿಲ ಬಳಿ ಮಂಡಿಯೂರಿ ರಟ್ಟಿನ ಪೆಟ್ಟಿಗೆಯನ್ನು ತಳದವರೆಗೆ ಖಾಲಿ ಮಾಡುತ್ತಿದ್ದ. ಆ ಶೂ ಎರಡನ್ನೂ ಹೊರಗೆ ತೆಗೆದು, ಎಡಗಾಲಿನದನ್ನು ಬದಿಗಿಟ್ಟು, ಬಲಗಾಲಿನದರೊಳಕ್ಕೆ ಎರಡು ಸೋಪು ತುರುಕಿ ಮತ್ತೆ ಪೆಟ್ಟಿಗೆಗೆ ಹಾಕಿದ. ನಾನು ಅವನ ಪಕ್ಕ ಕೂತೆ. ತಪ್ಪಾಯಿತು ಅಂದೆ. ನಿನ್ನ ಅಮ್ಮನ ಪಕ್ಕ ನೀನಿರಬೇಕಾದ ಹೊತ್ತನ್ನು ನಾನು ತಿಂದೆ, ಕ್ಷಮಿಸು ಅಂತ ಕೇಳುವ ಮುಖವೂ ನನಗಿಲ್ಲ ಅಂದೆ. ಹೇಳುತ್ತ ಹೇಳುತ್ತ ನನ್ನ ದನಿ ಒಡೆಯಿತು, ಸಣ್ಣದಾಯಿತು, ನನಗೇ ಗುರುತು ಸಿಗದ ಹಾಗಾಯಿತು. ಅದರಲ್ಲಿ ಯಾರ ರಾಗವೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆರ್ನೆಲ್ ಕೆಲಸ ನಿಲ್ಲಿಸಿ ಕೊನೆಯ ತನಕ ಕೇಳಿದ. ಸಣ್ಣಗೆ ನಕ್ಕ. ಆಮೇಲೆ ಟೇಪು ಹರಿದು ಪೆಟ್ಟಿಗೆಯ ಬಾಯಿ ಮುಚ್ಚುತ್ತ ಅಂದ:

“ಇದು ಚೆನ್ನಾಗಿ ಬರ್ತಾ ಇದೆ, ಪಾರೆ. ಇದು ಯಾರದ್ದು?”