ಹೆಂಡತಿ ಕೂತು ನೋಡಿದ ಸ್ಪೋರ್ಟ್ಸ್ ಬೈಕು

ನಿವೃತ್ತನಾದ ತಿಂಗಳಲ್ಲೇ ನಾನೊಂದು ಕಡೆ ಹೋದೆ. ಎಲ್ಲಿಗೆ, ಹೇಳಿ ನೋಡೋಣ? ಸಕ್ಕರೆ ಪರೀಕ್ಷೆಗೆ? ಅಲ್ಲ. ಪಾರ್ಕಿನ ನಗೆಕೂಟಕ್ಕೆ? ಛೆ, ಅಲ್ಲವೇ ಅಲ್ಲ. ಬೈಕ್ ಷೋರೂಮಿಗೆ! ನನ್ನ ಬದುಕಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ನಾನು ಗಂಭೀರವಾಗಿ ಒಂದು ಕೆಲಸಕ್ಕೆ ಕೈಹಾಕಿದರೆ ಸಾಕು, ನಾಲ್ಕು ಜನಕ್ಕೆ ನಗು ಗ್ಯಾರಂಟಿ.

ಮೈಸೂರಿನಿಂದ ಚೆನ್ನೈಗೆ ಬಂದಾಗಿನಿಂದ ನನ್ನ ಸವಾರಿಯೆಲ್ಲ ಬೈಕಿನಲ್ಲೇ. ಪೆರುಂಗುಡಿಯ ಆಫೀಸಿಗೂ ಅದೇ, ರಜೆ ಸಿಕ್ಕರೆ ಯಲಗಿರಿ ಬೆಟ್ಟಕ್ಕೂ ಅದೇ. ಹಳೆಯ ಗಾಡಿ ಒಳ್ಳೆಯದೇ, ಆದರೆ ಭಾರ. ಬೆಟ್ಟದ ತಿರುವಿನಲ್ಲಿ ಅದನ್ನು ತಿರುಗಿಸೋದು ಅಂದರೆ ಮದುವೆಮನೆಯಲ್ಲಿ ಒರಗಿ ಕೂತ ದೊಡ್ಡಪ್ಪನನ್ನು ಊಟಕ್ಕೆ ಎಬ್ಬಿಸಿದ ಹಾಗೆ. ತಿರುವಿಗೆ ಬೇಕಾದದ್ದು ಎಂಜಿನ್ನಿನ ದರ್ಪ ಅಲ್ಲ, ಮೈಹಗುರ. ಅದಕ್ಕೇ ಮುಂದಕ್ಕೆ ಬಗ್ಗಿ ಕೂತು ಓಡಿಸುವ ಪುಟ್ಟ ಸ್ಪೋರ್ಟ್ಸ್ ಬೈಕಿನ ಮೇಲೆ ಮನಸ್ಸು ಬಿದ್ದುಬಿಟ್ಟಿತ್ತು.

ಷೋರೂಮಿನಲ್ಲಿ

ಒಳಗೆ ಕಾಲಿಟ್ಟ ಕೂಡಲೇ ಅಲ್ಲಿದ್ದ ಹುಡುಗಿ ಕುರ್ಚಿ ಹಾಕಿದಳು, ನೀರು ಕೊಟ್ಟಳು. ನಾನು ಕೆಂಪು ಬೈಕು ತೋರಿಸಿದೆ.

"ಪೇರನುಕ್ಕಾ ಸಾರ್?" ಎಂದಳು. ಮೊಮ್ಮಗನಿಗಾ, ಅಂತ.

"ಇಲ್ಲಮ್ಮಾ, ಎನಕ್ಕುದಾನ್." ನನಗೇ.

ಅವಳು ನಕ್ಕಳು. ನಾನು ನಗಲಿಲ್ಲ. ಅವಳು ನಗು ನಿಲ್ಲಿಸಿ ಮ್ಯಾನೇಜರನ್ನು ಕರೆದುಕೊಂಡು ಬಂದಳು. ಆತ ಪಕ್ಕದಲ್ಲಿ ಕೂತು, ಡಾಕ್ಟರು ರಿಪೋರ್ಟು ಹೇಳುವ ಮೆಲುದನಿಯಲ್ಲಿ ಕೇಳಿದ: "ಸಾರ್, ವೀಟ್ಲ ತೆರಿಯುಮಾ?" ಮನೆಯಲ್ಲಿ ಗೊತ್ತಾ?

ಈ ಪ್ರಶ್ನೆಯನ್ನು ನನಗೆ ಅದಕ್ಕೆ ಮೊದಲು ಕೇಳಿದ್ದು ಒಂದೇ ಸಲ. ಮೈಸೂರಿನಲ್ಲಿ, ಕಾಲೇಜಿನ ಹಿಂದುಗಡೆ, ಮೊದಲನೇ ಸಿಗರೇಟು ಹಚ್ಚಿದಾಗ.

ಸಿಗ್ನಲ್ಲಿನಲ್ಲಿ

ಅಂತೂ ಒಂದು ಸುತ್ತು ಓಡಿಸಿ ನೋಡಲು ಕೊಟ್ಟರು. ಆಹಾ! ಮನಸ್ಸಿನಲ್ಲಿ ಅಂದುಕೊಂಡರೆ ಸಾಕು, ಗಾಡಿ ವಾಲುತ್ತದೆ. ಶೋಳಿಂಗನಲ್ಲೂರಿನ ಸಿಗ್ನಲ್ಲಿನವರೆಗೆ ನಾನು ಇಪ್ಪತ್ತರ ಹುಡುಗ. ಕೆಂಪು ದೀಪ ಬಿತ್ತು, ನಿಲ್ಲಿಸಿದೆ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು, ಮೇಲೆತ್ತಲು ಆಗಲಿಲ್ಲ. ಹಾಗೇ ನೆಲ ನೋಡುತ್ತಾ ಇದ್ದೆ.

ಪಕ್ಕದ ಆಫೀಸ್ ಕ್ಯಾಬ್ ಡ್ರೈವರು ಗಾಜು ಇಳಿಸಿ, "ಪೆರಿಯವರೇ, ಎನ್ನ ತೇಡ್ರೀಂಗ?" ಅಂದ. ಏನು ಹುಡುಕುತ್ತಿದ್ದೀರಿ?

"ಒಣ್ಣುಮಿಲ್ಲೆಪ್ಪಾ," ಏನಿಲ್ಲಪ್ಪಾ ಅಂದೆ, ನೆಲ ನೋಡುತ್ತಲೇ.

ನಂಬಲಿಲ್ಲ. ಇಳಿದು ಬಂದು ಅವನೂ ಹುಡುಕತೊಡಗಿದ. ಇಬ್ಬರು ಆಟೋದವರು ಸೇರಿಕೊಂಡರು. ಹಸಿರು ದೀಪ ಬಂತು, ಹಿಂದೆ ಹಾರ್ನುಗಳ ಕಚೇರಿ ಶುರುವಾಯಿತು, ಇವರು ಜಗ್ಗಲಿಲ್ಲ. ಕೊನೆಗೆ ಒಬ್ಬನಿಗೆ ಟೈರಿನ ಹತ್ತಿರ ಯಾವುದೋ ಷರ್ಟಿನ ಗುಂಡಿ ಸಿಕ್ಕಿತು. "ಇದಾನೇ ಸಾರ್?" ಇದೇ ತಾನೇ, ಎಂದು ಗೆದ್ದವನ ಹಾಗೆ ಎತ್ತಿ ತೋರಿಸಿದ.

ನನ್ನ ಗುಂಡಿಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು. ಆದರೂ ಥ್ಯಾಂಕ್ಸ್ ಹೇಳಿ ಜೇಬಿಗೆ ಹಾಕಿಕೊಂಡೆ. ಇಲ್ಲದಿದ್ದರೆ ಆ ಮಹನೀಯರು ಇವತ್ತಿಗೂ ಅಲ್ಲೇ ಹುಡುಕುತ್ತಿರುತ್ತಿದ್ದರು.

ಮನೆಯಲ್ಲಿ

ಹೆಂಡತಿಗೆ ಬೈಕಿನ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು.

"ನಾನು ಎಲ್ಲಿ ಕೂತ್ಕೊಳ್ಳೋದು?"

"ಇಲ್ಲಿ, ಹಿಂದೆ."

"ಇದಾ? ನಮ್ಮನೆ ದೇವರ ಮಣೆ ಇದಕ್ಕಿಂತ ಅಗಲ ಇದೆ ಕಣ್ರೀ. ನಾನು ಕೂತು ನೋಡಬೇಕು. ದೇವಸ್ಥಾನಕ್ಕೆ ಹೋಗಿ ಬರೋಣ. ದಾರೀಲಿ ಒಂದೇ ಒಂದು ಸಲ ನಾನು 'ಅಯ್ಯೋ' ಅಂದ್ರೂ ಬೈಕಿನ ಮಾತು ಮತ್ತೆ ಎತ್ತಬಾರದು."

"ಚಿತ್ರ ನೋಡಿದರೆ ಸಾಲದೇನೇ?"

"ಬದನೇಕಾಯಿ ಒತ್ತಿ ನೋಡದೆ ತಗೊಳ್ಳಲ್ಲ ನಾನು. ಫೋಟೋ ಮಾತ್ರ ನೋಡಿ ಒಪ್ಪಿದ್ದು ನಿಮ್ಮನ್ನೊಬ್ಬರನ್ನೇ. ಆ ತಪ್ಪು ಇನ್ನೊಂದು ಸಲ ಮಾಡಲ್ಲ."

ಹೋಟೆಲಿನಲ್ಲಿ

ನಮ್ಮ ಬೀದಿಯ ಸಸ್ಯಾಹಾರಿ ಹೋಟೆಲಿನ ಯಜಮಾನರು ಕುಂದಾಪುರದ ಕಡೆಯವರು. ಅವರ ಮಗ ಹಟ ಮಾಡಿ ಅದೇ ಬೈಕು ತೆಗೆಸಿಕೊಂಡಿದ್ದ. ಈಗ ಅದರ ಹ್ಯಾಂಡಲಿಗೆ ಕ್ಯಾರಿಯರ್ ತೂಗುಹಾಕಿ ಆಫೀಸುಗಳಿಗೆ ಸಾಂಬಾರು ಕಳಿಸುತ್ತಿದ್ದರು. ಒಂದು ಬೆಳಿಗ್ಗೆಗೆ ಕೊಡುತ್ತೀರಾ ಅಂತ ಕೇಳಿದೆ.

"ಎಂಥ ಮಾರಾಯ್ರೆ! ರಿಟೈರಾದವರು ಕಾಶಿಗೆ ಹೋಗುವುದುಂಟು. ನೀವು ಇದರಲ್ಲಿ ಹೊರಟರೆ ನಡುವೆ ಕಾಶಿ ಸಿಗುವುದಿಲ್ಲ, ಸೀದಾ ಮೇಲೆಯೇ!" ಎಂದು ನಕ್ಕು ಕೀಲಿ ಕೊಟ್ಟರು.

ಸವಾರಿ

ಹಿಂದಿನ ದಿನ ಊರಿಗೆ ಊರೇ ಗಾಡಿಗಳಿಗೆ ಪೂಜೆ ಮಾಡಿ, ದೃಷ್ಟಿ ತೆಗೆದು, ಬೂದುಗುಂಬಳ ಒಡೆದಿತ್ತು. ಚೆನ್ನೈನವರು ಅದನ್ನು ಪಕ್ಕದಲ್ಲಿ ಒಡೆಯುವವರಲ್ಲ, ನಡುರಸ್ತೆಯಲ್ಲೇ ಒಡೆಯುತ್ತಾರೆ. ಬೆಳಿಗ್ಗೆ ಹೊರಟು ನೋಡುತ್ತೇನೆ, ರಸ್ತೆ ತುಂಬ ಕುಂಕುಮ ಬಳಿದ ಕುಂಬಳದ ಹೋಳು. ಚಕ್ರ ಒಂದರ ಮೇಲೆ ಹತ್ತಿದರೂ ಜಾರಿ ಬೀಳುವುದು ಖಂಡಿತ. ಬಿದ್ದರೆ ಬೈಕಿನ ಆಸೆಯೂ ಅಲ್ಲೇ ಸಮಾಧಿ.

ಹೆಂಡತಿ ರೇಷ್ಮೆ ಸೀರೆ ಉಟ್ಟು, ತಲೆಗೆ ಹೆಲ್ಮೆಟ್ಟು ಹಾಕಿ, ಆ ಎತ್ತರದ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂತಿದ್ದಳು. ನಾನು ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ, ಹೋಳುಗಳ ನಡುವೆ ನಿಧಾನವಾಗಿ ಹಾವಿನ ಹಾಗೆ ನುಸುಳಿದೆ. ಗಾಡಿ ಎಷ್ಟು ಚೆನ್ನಾಗಿ ಮಾತು ಕೇಳಿತು ಅಂತೀರಿ! ಆದರೆ ಹಿಂದಿನಿಂದ ಸದ್ದೇ ಇಲ್ಲ. ನನಗೆ ಭಯವಾಯಿತು.

"ಇದ್ದೀಯೇನೇ?"

"ಇದ್ದೀನಿ. ನೀವು ಮುಂದೆ ನೋಡಿ!"

ದೇವಸ್ಥಾನಕ್ಕೆ ಹೋಗಿ ಹೋಟೆಲಿನ ಮುಂದೆ ಬಂದು ನಿಲ್ಲಿಸಿದೆ. ಯಜಮಾನರು ಗಲ್ಲಾ ಬಿಟ್ಟು ಓಡಿಬಂದರು. ಅವಳು ಇಳಿದು ಸೆರಗು ಸರಿಮಾಡಿಕೊಂಡಳು. ನಾನು ಉಸಿರು ಬಿಗಿಹಿಡಿದು ನಿಂತೆ.

"ತಗೊಳ್ರೀ ಬೈಕು," ಅಂದಳು. "ಈ ವರ್ಷ ದಸರೆಗೆ ಮೈಸೂರಿಗೆ ಹೋಗಲಿಲ್ಲ ಅಂತ ಬೇಜಾರಿತ್ತು. ಅಷ್ಟೆತ್ತರದಲ್ಲಿ, ಆಚೆ ಈಚೆ ತೂಗಾಡಿಕೊಂಡು, ಬೀದಿ ಜನ ಎಲ್ಲ ನಿಂತು ನೋಡ್ತಾ ಇದ್ರೆ, ಅಂಬಾರಿ ಮೇಲೆ ಕೂತ ಹಾಗೇ ಇತ್ತು!"

ಯಜಮಾನರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಬಹಳ ವಿನಯದಿಂದ ಕೇಳಿದರು: "ಹಾಗಾದರೆ ಅಮ್ಮ, ಆನೆ ಯಾರು?"

ಅವಳು ಕೈಚೀಲದಲ್ಲಿದ್ದ ಪ್ರಸಾದದ ಬಾಳೆಹಣ್ಣು ತೆಗೆದು ನನ್ನ ಕೈಗೆ ಕೊಟ್ಟಳು.

ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ, ಸುಲಿದು ತಿಂದೂಬಿಟ್ಟೆ. ಆನೆ ಅಂದರೆ ಅನ್ನಲಿ, ಬೈಕು ಸಿಕ್ಕಿತಲ್ಲ! ಈ ಸವಾರಿ ನಡೆದದ್ದು ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ, ವಿಜಯದಶಮಿಯ ದಿನ.