ಫ್ರಾನ್ಸಿನಲ್ಲಿ ಹಾಲಮ್ಮ ಬಟ್ಟೆ ಒಗೆದದ್ದು

ಫ್ರಾನ್ಸಿಗೆ ಹೋಗಿ ಬಂದ ಸಂಗತಿಯನ್ನು ಬಾಯಿಬಿಡದೆ ಹೊಟ್ಟೆಯಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟವೆಂದು ಹೋಗಿ ಬಂದವನಿಗೇ ಗೊತ್ತು. ನಾನಂತೂ ಆ ಪ್ರಯತ್ನವನ್ನೇ ಮಾಡಿಲ್ಲ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು "ಇವತ್ತು ಸ್ವಲ್ಪ ತಂಪೈತೆ" ಎಂದರೆ ಸಾಕು, "ಫ್ರಾನ್ಸಿನಾಗೂ ಬೆಳಿಗ್ಗೆ ಹಿಂಗೇ ಇರ್ತಿತ್ತು ನೋಡ್ರಿ" ಎಂದು ಶುರು ಮಾಡುತ್ತೇನೆ. ಕಟಿಂಗ್ ಶಾಪಿನಲ್ಲಿ ಕತ್ತು ಬಗ್ಗಿಸಿಕೊಂಡೇ ಹೇಳಿದ್ದೇನೆ. ಚನ್ನಗಿರಿಯಲ್ಲಿ ಬೀಗರ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಪಾಯಸ ಬಡಿಸುವವರು ನನ್ನ ಎಲೆಗೆ ಬರುವಷ್ಟರಲ್ಲಿ ವಿಮಾನ ಹತ್ತಿ ಇಳಿದು ಆಗಿತ್ತು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿ ಬಿಚ್ಚಿ ನಿವೃತ್ತನಾದವನಿಗೆ ಇಷ್ಟಾದರೂ ಹೆಮ್ಮೆ ಬೇಡವೇ?

ಕೇಳಿದವರೆಲ್ಲ ಮೊದಲು ವಿಚಾರಿಸುವುದು ಐಫೆಲ್ ಟವರನ್ನು. ನಾವು ಆ ಕಡೆ ತಲೆಯನ್ನೇ ಹಾಕಲಿಲ್ಲ. ಮಗಳು ಸುಮಾ ಅಲ್ಲಿ ಮೆಕ್ಕೆಜೋಳಕ್ಕೆ ಬರುವ ರೋಗಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಅವಳು ನನ್ನನ್ನೂ ನನ್ನ ಹೆಂಡತಿ ಹಾಲಮ್ಮನನ್ನೂ ಕರೆಸಿಕೊಂಡು, ಒಂದು ವಾರದ ಮಟ್ಟಿಗೆ ಹಳ್ಳಿಯೊಂದರಲ್ಲಿ ಮನೆ ಹಿಡಿದಳು. ಹಳ್ಳಿಯಲ್ಲಿ ರಜೆ ಕಳೆಯುವುದೇ ಆ ದೇಶದಲ್ಲಿ ದೊಡ್ಡ ಶೋಕಿಯಂತೆ. ಇದನ್ನು ಕೇಳಿದ ನನ್ನ ಹಳೆಯ ಸಹೋದ್ಯೋಗಿ ಬಸವರಾಜಪ್ಪನವರು, "ಹಳ್ಳಿ ನೋಡಾಕೆ ವಿಮಾನ ಯಾಕ್ರೀ ಬೇಕಿತ್ತು? ಸವಳಂಗದ ಬಸ್ ಹತ್ತಿದ್ರೆ ಆಗ್ತಿತ್ತಲ್ಲ" ಎಂದರು. ಹೊಟ್ಟೆಕಿಚ್ಚು, ಮತ್ತೇನಿಲ್ಲ.

ಕಚೇರಿಯ ಚಾಳಿ ಎಲ್ಲಿ ಬಿಡುತ್ತದೆ? ಹೋದ ದಿನವೇ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು, ಎಡಕ್ಕೆ "ನೋಡಬೇಕಾದವು", ಬಲಕ್ಕೆ "ಮಾಡಬೇಕಾದವು" ಎಂದು ಬರೆದೆ. ಚರ್ಚು, ಹಳೆಯ ಕೋಟೆ, ಸೇತುವೆ ಎಡಕ್ಕೆ. ಸಂತೆ, ದ್ರಾಕ್ಷಿ ತೋಟದ ಸುತ್ತಾಟ, ಚೀಸ್ ರುಚಿ ನೋಡುವುದು ಬಲಕ್ಕೆ. ಒಂದೊಂದೇ ಮುಗಿಸಿ ಸರಿ ಗುರುತು ಹಾಕುತ್ತ ಬಂದೆ. ಹಾಲಮ್ಮನಿಗೆ ಈ ಶಿಸ್ತು ತಿಳಿಯದು. ಸಂತೆಯಲ್ಲಿ ಚೌಕಾಸಿ ಇಲ್ಲವೆಂದು ಗೊತ್ತಾದ ಕೂಡಲೇ ಅವಳಿಗೆ ಆ ಸಂತೆಯ ಮೇಲಿನ ಆಸೆಯೇ ಹೋಯಿತು. ಕುರಿ ಹಾಲಿನ ಚೀಸ್ ಮಾಡುವ ಮನೆಯಲ್ಲಿ ಯಜಮಾನಿ ಬೂಷ್ಟು ಹಿಡಿದ ಗಡ್ಡೆಯೊಂದನ್ನು ಎತ್ತಿ ತೋರಿಸಿ, ಇದು ಒಂದು ವರ್ಷದ್ದು ಎಂದು ಬೀಗಿದರೆ, ಇವಳು "ಅಯ್ಯೋ ಪಾಪ, ಮೊದ್ಲೇ ಹೇಳಿದ್ರೆ ಯಾರಾದ್ರೂ ತಿಂತಿದ್ರು" ಎಂದು ಮರುಗಿದಳು. ಸುಮಾ ಅದನ್ನು ಫ್ರೆಂಚಿಗೆ ತಿರುಗಿಸಲಿಲ್ಲ, ದೇವರು ದೊಡ್ಡವನು.

ಎಡಗಡೆಯ ಪಟ್ಟಿಯಲ್ಲಿ ಕೊನೆಯದು, ಆ ಊರಿನ ಹಳೆಯ ಬಟ್ಟೆ ಒಗೆಯುವ ಕಟ್ಟೆ. ಮೇಲೆ ಹೆಂಚಿನ ಮಾಡು, ಕೆಳಗೆ ಕಲ್ಲಿನ ತೊಟ್ಟಿ, ಸುತ್ತಲೂ ಇಳಿಜಾರಾಗಿ ಕೂರಿಸಿದ ಚಪ್ಪಡಿ. ಚಿಲುಮೆಯ ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹಳ್ಳಕ್ಕೆ ಹೋಗುತ್ತದೆ. ಹಿಂದೆ ಊರ ಹೆಂಗಸರೆಲ್ಲ ಅಲ್ಲೇ ಒಗೆಯುತ್ತಿದ್ದರಂತೆ. ಈಗ ಹೂವಿನ ಕುಂಡ ಇಟ್ಟು, ಫಲಕ ಹಾಕಿದ್ದಾರೆ. ಬಂದವರು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹಾಲಮ್ಮ ಫೋಟೊಗೆ ನಿಲ್ಲಲಿಲ್ಲ. ಅವಳ ತವರು ಜಗಳೂರಿನ ಕಡೆ. ಕೊಡ ಹಿಡಿದು ಸಾಲಿನಲ್ಲಿ ನಿಂತು ಬೆಳೆದವಳು. ನೀರಿಗೆ ಕೈಯಿಟ್ಟು, "ಇಷ್ಟು ನೀರು ಸುಮ್ನೆ ಹರಿದು ಹೋಗ್ತೈತಲ್ರೀ! ಇಂಥಾ ಕಲ್ಲು ಬ್ಯಾರೆ! ಈ ಜನಕ್ಕೆ ಏನು ಬಂದೈತೆ?" ಎಂದಳು. ಅವಳಿಗೆ ನಿಜವಾಗಿಯೂ ಸಂಕಟವಾಗಿತ್ತು. ನಾನು ಸರಿ ಗುರುತು ಹಾಕಿ, "ನೋಡಿದ್ದಾತು, ನಡಿ" ಎಂದೆ.

ಮರುದಿನ ಬೆಳಿಗ್ಗೆ ಸುಮಾ ಬ್ರೆಡ್ ತರಲು ಕಾರಿನಲ್ಲಿ ಪಕ್ಕದ ಊರಿಗೆ ಹೋಗಿದ್ದಳು. ನಾನು ಇಸ್ತ್ರಿ ಅಂಗಿ ತೊಟ್ಟು, ಟೋಪಿ ಇಟ್ಟು, ಎದುರಾದವರಿಗೆಲ್ಲ "ಬೊಂಜೂರ್" ಎನ್ನುತ್ತ ವಾಕಿಂಗ್ ಹೊರಟಿದ್ದೆ. ಆಗ ಕೇಳಿಸಿತು: ರಪ್, ರಪ್, ರಪ್. ಮೂವತ್ತೈದು ವರ್ಷ ನಮ್ಮ ಹಿತ್ತಲಿನಿಂದ ಕೇಳಿದ ಸದ್ದು, ಗುರುತು ತಪ್ಪುವುದುಂಟೇ? ಓಡಿ ಹೋಗಿ ನೋಡುತ್ತೇನೆ, ಹೂವಿನ ಕುಂಡಗಳನ್ನು ಬದಿಗೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲಮ್ಮ ನನ್ನ ಪ್ಯಾಂಟನ್ನು ಆ ಪ್ರೇಕ್ಷಣೀಯ ಕಲ್ಲಿಗೆ ಬಡಿಯುತ್ತಿದ್ದಾಳೆ, ಪಕ್ಕದಲ್ಲಿ ಹಾಸಿಗೆಯ ಚಾದರ ನೆನೆಯುತ್ತಿದೆ. ಸುತ್ತ ಹದಿನೈದಿಪ್ಪತ್ತು ಜನ. ನಡುವೆ ಆ ಊರಿನ ಮೇಯರ್, ಅಂದರೆ ನಮ್ಮ ಪಂಚಾಯಿತಿ ಅಧ್ಯಕ್ಷರಿದ್ದಂತೆ, ಹುಬ್ಬು ಗಂಟಿಕ್ಕಿ ನಿಂತಿದ್ದ. ನನ್ನ ಮೈಬಣ್ಣ ನೋಡಿ, ಹರಕು ಇಂಗ್ಲಿಷಿನಲ್ಲಿ, ಈಕೆ ನಿಮ್ಮವರೇ ಎಂದು ಕೇಳಿದ.

ದಂಡ, ಪೊಲೀಸು, ಮಗಳ ವೀಸಾ, ಊರಿನಲ್ಲಿ ನನ್ನ ಮಾನ, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. "ನೋ ನೋ!" ಎಂದೆ ಗಟ್ಟಿಯಾಗಿ. "ಐ ಆಮ್ ಟೂರಿಸ್ಟ್!" ಬಡಿಯುವ ಸದ್ದು ನಿಂತಿತು. ಹಾಲಮ್ಮ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ. ಕಲ್ಲಿನ ಮೇಲಿದ್ದದ್ದು ನನ್ನದೇ ಪ್ಯಾಂಟು.

ಅಷ್ಟರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬಳು, ಹಿಡಿಯಿದ್ದ ಮರದ ಹಲಗೆಯೊಂದನ್ನು ಕಂಕುಳಲ್ಲಿಟ್ಟುಕೊಂಡು, ಜನರನ್ನು ತಳ್ಳಿಕೊಂಡು ಬಂದಳು. ಹಾಲಮ್ಮನ ಪಕ್ಕದಲ್ಲಿ ಮಂಡಿಯೂರಿ, ಹಲಗೆಯಿಂದ ಬಟ್ಟೆಗೆ ಫಟ್ ಎಂದು ಹೊಡೆದು ತೋರಿಸಿದಳು. "ಹಂಗಲ್ಲಜ್ಜಿ, ಮೊದ್ಲು ಹಿಂಗೆ ಕುಸುಬ್ಬೇಕು" ಎಂದು ಹಾಲಮ್ಮ ತಿದ್ದಿದಳು. ಅಜ್ಜಿ ಫ್ರೆಂಚಿನಲ್ಲಿ ವಾದಿಸಿದಳು. ಹೀಗೆ ಜಗಳವಾಡುತ್ತಲೇ ಇಬ್ಬರೂ ನಗತೊಡಗಿದರು, ಆಮೇಲೆ ಅಜ್ಜಿ ಅಳತೊಡಗಿದಳು. ಬ್ರೆಡ್ ಹಿಡಿದು ಬಂದ ಸುಮಾ ಕೇಳಿ ಹೇಳಿದಳು: ಅಜ್ಜಿ ತನ್ನ ತಾಯಿಯ ಜೊತೆ ಇಲ್ಲೇ ಒಗೆಯುತ್ತಿದ್ದಳಂತೆ, ಆ ಸದ್ದು ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತಂತೆ. ಮೇಯರ್ ಜೇಬಿನ ಕರವಸ್ತ್ರ ತೆಗೆದು, ಒಗೆಯಲು ಹಾಲಮ್ಮನ ಮುಂದೆ ಹಿಡಿದ. ಜನ ಚಪ್ಪಾಳೆ ತಟ್ಟಿದರು.

ನನ್ನ ಎದೆ ಉಬ್ಬಿತು ನೋಡಿ! ನನ್ನ ಹೆಂಡತಿ! ಜಗಳೂರಿನ ಹಾಲಮ್ಮ! ಪತ್ರಿಕೆಯವನೊಬ್ಬ ಕ್ಯಾಮೆರಾ ಎತ್ತಿದ್ದೇ ತಡ, ನಾನು ಟೋಪಿ ಸರಿಮಾಡಿಕೊಂಡು ಮುಂದೆ ನುಗ್ಗಿದೆ. ಮೇಯರ್‌ಗೆ ಗೊಂದಲವಾಯಿತು. ಸುಮಾಳನ್ನು ಏನೋ ಕೇಳಿದ. ಅವಳು, "ಅವ್ವ, ಇವರು ನಿಮ್ಮೋರಾ ಅಂತ ಕೇಳ್ತಾರೆ. ಯಾಕೆ ಹಿಂಗ್ ಕೇಳ್ತಾರೆ?" ಎಂದಳು.

ಹಾಲಮ್ಮ ಕೈ ಒರೆಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲವ್ವ. ಯಾರೋ ಟೂರಿಸ್ಟ್ ಇರ್ಬೇಕು" ಎಂದಳು. "ಸುಮ್ನೆ ನಿಂತಾರಲ್ಲ, ಈ ಚಾದರದ ಆ ತುದಿ ಹಿಡ್ಕಳಾಕೆ ಹೇಳು. ಹಿಂಡಬೇಕು."

ಹಿಡಿದುಕೊಂಡೆ. ಇನ್ನೇನು ಮಾಡಲಿ?

ಆ ಪತ್ರಿಕೆಯ ತುಂಡು ಈಗ ನಮ್ಮ ನಡುಮನೆಯಲ್ಲಿ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಬಂದವರಿಗೆಲ್ಲ ನಾನೇ ಕೈಹಿಡಿದು ಕರೆದೊಯ್ದು ತೋರಿಸುತ್ತೇನೆ. ಅಡಿಬರಹದಲ್ಲಿ ಹಾಲಮ್ಮನ ಹೆಸರಿದೆ, ಅಜ್ಜಿಯ ಹೆಸರಿದೆ, ಜಗಳೂರಿನ ಹೆಸರೂ ಇದೆ. ಚಾದರದ ಇನ್ನೊಂದು ತುದಿಯಲ್ಲಿ ಎರಡು ಕೈಗಳು ಮಾತ್ರ ಮುಂಗೈವರೆಗೆ ಕಾಣುತ್ತವೆ. ಆ ಕೈಗಳ ಬಗ್ಗೆ ಏನು ಬರೆದಿದ್ದಾರೆಂದು ಸುಮಾಳನ್ನು ಕೇಳಿದ್ದೆ. ಅವಳು ನಗು ತಡೆದುಕೊಂಡು ಓದಿದಳು: "ನೆರವಾದ ಒಬ್ಬ ಪ್ರವಾಸಿ."