ಕಾಯಿಲಿನೊಳಗೆ ಹೋಗಿಬಂದ ಕತ್ತರಿ

ಕಳೆದ ಭಾನುವಾರ ಬೆಳಗ್ಗೆ ತಿಂಡಿ ಮುಗಿದ ಮೇಲೆ, ಬೆಳಕವಾಡಿಯ ನಮ್ಮ ಮನೆಯ ಜಗಲಿಯಲ್ಲಿ, ಎಡಗಡೆಯ ಕಂಬಕ್ಕೆ ಒರಗಿ, ಅಂಗಳದ ಕಡೆ ಮುಖ ಮಾಡಿ ನಿಂತಿದ್ದೆ. ಒರಗಿದ್ದೆನೇ ಹೊರತು ತೂಕಡಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನಾನು ಕಂಡದ್ದು ಏನೇ ಇರಲಿ, ‘ನಿದ್ದೆಗಣ್ಣಲ್ಲಿ ನೋಡಿರ್ತೀರಿ ಬುಡಿ’ ಎಂಬುದು ನಮ್ಮ ಮನೆಯ ತೀರ್ಪು.

ಅಂಗಳದಲ್ಲಿ ನನ್ನ ಹೆಂಡತಿಯ ತಮ್ಮ ಮಾದೇವ ಟ್ರ್ಯಾಕ್ಟರಿನ ಸೆಲ್ಫ್ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದ. ಆ ರಿಪೇರಿಯೇ ಅವನ ಕಸುಬು. ಅದರ ಕಾಯಿಲಿಗೆ ಹೊಸ ತಾಮ್ರದ ತಂತಿ ಸುತ್ತಿದ್ದ. ಪರೀಕ್ಷೆ ಮಾಡಲು ಅದರೊಳಗೆ ಕೂರುವ ಕಬ್ಬಿಣದ ಗೂಟ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ನನ್ನ ಹೆಂಡತಿ ಮಂಗಳಳ ಬಟ್ಟೆ ಕತ್ತರಿ. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿಯುವವಳು ಅವಳು. ಮಾದೇವ ಕತ್ತರಿಯ ಅಲಗನ್ನು ಕಾಯಿಲಿನೊಳಗೆ ತೂರಿಸಿ ಬ್ಯಾಟರಿಯ ತಂತಿ ಮುಟ್ಟಿಸಿದ. ನೆಲದ ಮೇಲಿದ್ದ ನಟ್ಟುಗಳು ಟಕ್ಕನೆ ಹಾರಿ ಅಲಗಿಗೆ ಕಚ್ಚಿಕೊಂಡವು. ಅವನ್ನು ಕಿತ್ತುಹಾಕಿ, ತಂತಿ ಬಿಡಿಸಿ, ಕತ್ತರಿಯನ್ನು ಇದ್ದಲ್ಲಿಯೇ ಇಟ್ಟ. ಇದಿಷ್ಟೂ ಸತ್ಯ.

ಮಧ್ಯಾಹ್ನ ಪಕ್ಕದ ಮನೆಯ ಜಯಮ್ಮ ಅದೇ ಕತ್ತರಿಯನ್ನು ಮಂಗಳಳ ಕೈಯಿಂದಲೇ ಇಸಿದುಕೊಂಡು ಹೋಗಿ, ಏನನ್ನೋ ಕತ್ತರಿಸಿ ತಂದುಕೊಟ್ಟಳು. ನಮ್ಮ ಕಡೆ ಕತ್ತರಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ನೆಲಕ್ಕಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಜಗಳ ಎಂದು ನಂಬಿಕೆ. ಸಂಜೆ ನೋಡಿದರೆ ಕತ್ತರಿಗೆ ಗುಂಡುಸೂಜಿಗಳು ಗೊಂಚಲಾಗಿ ಜೋತುಬಿದ್ದಿವೆ.

‘ಬೇಕೂಂತ್ಲೇ ಕೈಗೆ ಇಸ್ಕಂಡ್ಲು ಕಣ್ರೀ! ಏನ್ ಮಾಟ ಮಾಡ್ಸವ್ಳೋ ಏನೋ!’ ಎಂದಳು ಮಂಗಳ. ಶುಕ್ರವಾರ ಜಯಮ್ಮನ ಮಗಳ ನಿಶ್ಚಿತಾರ್ಥ. ಹೊಲಿಯಲು ಕೊಟ್ಟಿದ್ದ ಆ ಹುಡುಗಿಯ ರವಿಕೆ ಬಟ್ಟೆಯನ್ನು ಮಂಗಳ ಕತ್ತರಿಸದೆ ಹಾಗೆಯೇ ವಾಪಸು ಕೊಟ್ಟುಬಿಟ್ಟಳು.

‘ಇಷ್ಟ್ ವರ್ಸದ ಸ್ನೇಹ ಕಣಮ್ಮ, ಒಂದ್ ಕತ್ರಿಗೆ ಓಗ್ಬುಡ್ತಾ?’ ಎಂದು ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ನನಗೆ ಮೈ ಉರಿಯಿತು. ಕಂಡದ್ದನ್ನು ಕಂಡಂತೆ ಹೇಳಿದೆ. ಮಾದೇವ ನಕ್ಕ. ‘ಏನ್ ಭಾವ, ಕರೆಂಟ್ ತೆಗುದ್ಮೇಲೂ ಆಯಸ್ಕಾಂತ ಉಳ್ಕತದಾ? ಹಂಗೇನಾರಾ ಉಳ್ಕಂಡಿದ್ರೆ ಗೂಟ ಒಳಗೇ ಕಚ್ಕಂಡು ಟ್ರ್ಯಾಕ್ಟ್ರು ಸೆಲ್ಫ್ ಬುಡೋದೇ ಇಲ್ಲ ಕಣಿ!’ ಕರೆಂಟಿನ ವಿಷಯದಲ್ಲಿ ಅವನ ಮಾತೇ ಕಡೆಯ ಮಾತು. ನಾನು ಬರೀ ಗುಮಾಸ್ತ.

ಅನ್ಯಾಯವೆಂದರೆ ಅವನು ಹೇಳಿದ್ದರಲ್ಲಿ ಅರ್ಧ ನಿಜ. ಕಬ್ಬಿಣದೊಳಗೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಆಯಸ್ಕಾಂತದ ಗುಂಪುಗಳಿರುತ್ತವೆ, ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿಕೊಂಡು. ಕಾಯಿಲಿನಲ್ಲಿ ಕರೆಂಟು ಹರಿದರೆ ಎಲ್ಲವೂ ಒಂದೇ ಕಡೆ ಮುಖ ಮಾಡುತ್ತವೆ. ಕರೆಂಟು ನಿಂತರೆ ಆ ಗೂಟದಂಥ ಮೆದು ಕಬ್ಬಿಣದ ಗುಂಪುಗಳು ಮತ್ತೆ ಚದುರುತ್ತವೆ. ಕತ್ತರಿಯಂಥ, ಕಾಯಿಸಿ ಗಟ್ಟಿ ಮಾಡಿದ ಉಕ್ಕಿನವು ಚದುರುವುದಿಲ್ಲ. ತಿರುಗಿದ ಮುಖ ತಿರುಗಿದಂತೆಯೇ, ಥೇಟ್ ನನ್ನ ಹೆಂಡತಿಯ ತವರಿನವರ ಹಾಗೆ.

ಬುಧವಾರ ಸಂಜೆ ಮೂವರನ್ನೂ ಅಂಗಳಕ್ಕೆ ಕರೆದೆ. ಗೂಟ ಅಷ್ಟರಲ್ಲಿ ಸಿಕ್ಕಿತ್ತು. ಅದನ್ನು ಕಾಯಿಲಿಗೆ ತೂರಿಸಿ ತಂತಿ ಮುಟ್ಟಿಸಿದೆ, ಗುಂಡುಸೂಜಿಗಳು ಅಂಟಿದವು. ತಂತಿ ತೆಗೆದೆ, ಉದುರಿದವು. ಮಾದೇವ ಮೀಸೆ ತೀಡಿದ. ಆಮೇಲೆ ಮೂಟೆ ಹೊಲಿಯುವ ಉಕ್ಕಿನ ದಬ್ಬಳವನ್ನು ಹಾಗೆಯೇ ತೂರಿಸಿ, ತಂತಿ ಬಿಡಿಸಿ, ಹೊರಗೆಳೆದು ಎತ್ತಿಹಿಡಿದೆ. ಸೂಜಿಗಳು ಅದಕ್ಕೆ ನೇತಾಡುತ್ತಲೇ ಇದ್ದವು. ಅದನ್ನು ಯಾರೂ ಕೈಯಿಂದ ಕೈಗೆ ಇಸಿದುಕೊಂಡಿರಲಿಲ್ಲ.

ಮಂಗಳ ಜಯಮ್ಮನ ಕೈ ಹಿಡಿದು, ‘ಬಟ್ಟೆ ತತ್ತಾ ಕಣಕ್ಕ, ನಾಳೀಕೇ ಒಲ್ಕೊಡ್ತೀನಿ’ ಎಂದಳು. ನನ್ನ ಎದೆಯುಬ್ಬಿತು. ಈಗ ತಮ್ಮನಿಗೆ ಮಂಗಳಾರತಿ ಎಂದು ಕಾದು ನಿಂತೆ. ಅವಳು ತಿರುಗಿದ್ದು ನನ್ನ ಕಡೆಗೆ.

‘ಅವ್ನು ನನ್ ಕತ್ರಿ ತಗಂಡಾಗ ನೀವು ಕಂಬಕ್ಕೊರಗಿ ನೋಡ್ತಾ ನಿಂತಿದ್ರಾ? ಒಂದ್ ಮಾತು ಬ್ಯಾಡ ಅನ್ನಕಾಗ್ನಿಲ್ವಾ?’

‘ಊಂ ಕಣಕ್ಕಾ, ಭಾವ ಬ್ಯಾಡ ಅಂದಿದ್ರೆ ನಾನ್ಯಾಕ್ ಮುಟ್ಟಿದ್ದೆ?’ ಎಂದ ಮಾದೇವ. ಜಯಮ್ಮನೂ ತಲೆಯಾಡಿಸಿದಳು.

ನಾನು ತೋರಿಸಿದ್ದನ್ನು ಕಣ್ಣಾರೆ ಕಂಡವರು ಮಂಗಳ, ಮಾದೇವ, ಜಯಮ್ಮ. ಮೂವರೂ ಬದುಕಿದ್ದಾರೆ, ಚೆನ್ನಾಗಿದ್ದಾರೆ, ಒಬ್ಬರೊಂದಿಗೊಬ್ಬರು ನಗುನಗುತ್ತಾ ಮಾತಾಡುತ್ತಿದ್ದಾರೆ. ಯಾರೂ ಮಾತಾಡಿಸದೆ ಇರುವುದು ನನ್ನೊಬ್ಬನನ್ನೇ.